ಅಜ್ಜನ ಟ್ರಂಕಿನ ಎರಡು ಬರ್ಮಾ ನೋಟು: ಬೆಲೆ ಎಷ್ಟು?

ಪ್ರಶ್ನೆ: ನಮಸ್ಕಾರ ಸರ್. ನನ್ನ ಅಜ್ಜ ರಂಗೂನಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಯುದ್ಧ ಮುಗಿಯುವವರೆಗೂ ಅಲ್ಲೇ ಇದ್ದು, 1946ರಲ್ಲಿ ಕುಂದಾಪುರಕ್ಕೆ ಮರಳಿದರು. ಅವರ ಟ್ರಂಕಿನಲ್ಲಿ ಎರಡು ನೋಟು ಸಿಕ್ಕಿವೆ. ಒಂದರಲ್ಲಿ ‘ದಿ ಜಪಾನೀಸ್ ಗವರ್ನಮೆಂಟ್’, ಐದು ರೂಪಾಯಿ ಎಂದಿದೆ. ಇನ್ನೊಂದು ಆರನೇ ಜಾರ್ಜ್ ದೊರೆಯ ಹತ್ತು ರೂಪಾಯಿ. ಮೇಲೆ ಕೆಂಪಕ್ಷರ, ಪಕ್ಕದಲ್ಲಿ ಎರಡು ತೂತು. ಜಪಾನಿ ನೋಟಿಗೆ ಲಕ್ಷ ಸಿಗುತ್ತದೆಂದು ಒಂದು ವಿಡಿಯೊದಲ್ಲಿ ನೋಡಿದೆ. ಅದರ ಅಂಚಿನ ಪೆನ್ಸಿಲ್ ಬರಹ ಅಳಿಸಿ ಲ್ಯಾಮಿನೇಷನ್ ಮಾಡಿಸಲೇ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಲ್ಯಾಮಿನೇಷನ್ ಆದ ನೋಟನ್ನು ಸಂಗ್ರಾಹಕರು ಮುಟ್ಟುವುದಿಲ್ಲ.

ಲಕ್ಷದ ಮಾತು ಸುಳ್ಳು. 1942ರ ಮಾರ್ಚ್‌ನಲ್ಲಿ ರಂಗೂನ್ ವಶವಾದ ಮೇಲೆ ಜಪಾನೀಯರು ಇಂಥ ನೋಟುಗಳನ್ನು ಮಿತಿಯಿಲ್ಲದೆ ಅಚ್ಚುಹಾಕಿದರು. ಕ್ರಮಸಂಖ್ಯೆಯ ಜಾಗದಲ್ಲಿ ‘ಬಿ’ಯಿಂದ ಶುರುವಾಗುವ ಅಕ್ಷರಗಳಷ್ಟೇ ಇರುತ್ತವೆ, ನೋಡಿ. ‘ಬಿ’ ಬರ್ಮಾಕ್ಕೆ, ‘ಎಂ’ ಮಲಯಾಕ್ಕೆ. 1945ರಲ್ಲಿ ಬ್ರಿಟಿಷರು ಮರಳಿದಾಗ ಈ ನೋಟುಗಳಿಗೆ ಬೆಲೆಯೇ ಉಳಿಯಲಿಲ್ಲ. ಸಂಬಳ, ಉಳಿತಾಯ ಎಲ್ಲವನ್ನೂ ಆ ಕಾಗದದಲ್ಲೇ ಇಟ್ಟುಕೊಂಡವರ ಗತಿ ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕಟ್ಟುಗಟ್ಟಲೆ ಉಳಿದಿರುವುದರಿಂದ ಈಗ ಕೆಲವು ನೂರು ರೂಪಾಯಿ ಬಂದರೆ ಹೆಚ್ಚು.

ಜೋಪಾನ ಮಾಡಬೇಕಾದದ್ದು ಹತ್ತು ರೂಪಾಯಿಯನ್ನು. ಬ್ರಿಟಿಷ್ ಸೈನ್ಯ ಮರಳಿದಾಗ ಭಾರತದ ನೋಟುಗಳ ಮೇಲೆಯೇ ‘ಮಿಲಿಟರಿ ಅಡ್ಮಿನಿಸ್ಟ್ರೇಷನ್ ಆಫ್ ಬರ್ಮಾ’, ‘ಬರ್ಮಾದಲ್ಲಿ ಮಾತ್ರ ಚಲಾವಣೆ’ ಎಂದು ಇಂಗ್ಲಿಷಿನಲ್ಲಿ ಕೆಂಪು ಮುದ್ರೆ ಒತ್ತಿ ಹಂಚಿದರು. ಆದರೆ ಸಾಮಾನ್ಯ ನೋಟಿಗೆ ಈಚೆಗೆ ಕೆಂಪಕ್ಷರ ಒತ್ತಿ ಮಾರುವವರೂ ಇದ್ದಾರೆ. ಭೂತಗನ್ನಡಿ ಹಿಡಿದು ಮಡಿಕೆ ಬಿದ್ದ ಗೆರೆ ನೋಡಿ. ಮಡಿಕೆಯಲ್ಲಿ ಕಾಗದದ ಜೊತೆಗೆ ಕೆಂಪೂ ಸವೆದಿದ್ದರೆ ಒಳ್ಳೆಯ ಲಕ್ಷಣ. ಸವೆದ ಗೆರೆಯ ಒಳಗೂ ಬಣ್ಣ ಇಳಿದಿದ್ದರೆ ಅನುಮಾನಿಸಿ. ತೂತಿಗೆ ಹೆದರಬೇಡಿ, ನೋಟಿನ ಕಟ್ಟಿಗೆ ಪಿನ್ ಚುಚ್ಚುತ್ತಿದ್ದ ಕಾಲವದು.

ಪ್ರಶ್ನೆ: ಮಡಿಕೆಯಲ್ಲಿ ಕೆಂಪು ಸವೆದು ಬಿಳಿಯಾಗಿದೆ ಸರ್! ಪೆನ್ಸಿಲ್ ಬರಹ ಅಮ್ಮನಿಗೆ ಓದಲು ಬಂತು: ‘ಅಕ್ಕಿ, ಬಾಕಿ 3’. ಅಜ್ಜನದೇ ಅಕ್ಷರವಂತೆ.

ಉತ್ತರ: ಹಾಗಾದರೆ ಆ ಐದು ರೂಪಾಯಿಯನ್ನು ಯಾರಿಗೂ ಕೊಡಬೇಡಿ. ಎರಡನ್ನೂ ಪಿವಿಸಿ ಇಲ್ಲದ ಪಾರದರ್ಶಕ ಹಾಳೆಯೊಳಗೆ ಬೇರೆ ಬೇರೆ ಇಡಿ. ಹತ್ತು ರೂಪಾಯಿಯ ಎರಡೂ ಬದಿಯ ಫೋಟೊ ಹಾಕಿ, ಕ್ರಮಸಂಖ್ಯೆ ಮತ್ತು ಸಹಿ ನೋಡಿ ಬೆಲೆ ಹೇಳುತ್ತೇನೆ.