ಕಾಡುಹೂ ಎನ್ನಲು ಕಾಡು ಬೇಕೇ?

ಗೆಳೆಯರೇ,

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಾರಿನಲ್ಲಿ ಸುತ್ತಾಡಿದ್ದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಪರ್ತ್‌ನಿಂದ ಉತ್ತರಕ್ಕೆ ಮೊರಾವಾ, ಮುಲ್ಲೆವಾ ಕಡೆ ಹೋಗಿ, ವಾಪಸ್ ಬಂದ ಮೇಲೆ ಪರ್ತ್‌ನ ಕಿಂಗ್ಸ್ ಪಾರ್ಕ್ ಸಸ್ಯೋದ್ಯಾನ ನೋಡಿದೆವು. ಅಲ್ಲಿ ಅದು ವೈಲ್ಡ್‌ಫ್ಲವರ್‌ಗಳ ಕಾಲ. ಈ ವೈಲ್ಡ್‌ಫ್ಲವರ್‌ಗೆ ಕನ್ನಡದಲ್ಲಿ ಏನನ್ನೋಣ?

'ವನಪುಷ್ಪ' ನನಗೆ ಬೇಡ, ಯಾರೂ ಹಾಗೆ ಮಾತಾಡುವುದಿಲ್ಲ. 'ಕಾಡುಹೂ' ಅಂದರೆ ಓದುವವರ ಕಣ್ಣ ಮುಂದೆ ಮಲೆನಾಡಿನ ದಟ್ಟ ಮರಗಳು ಬರುತ್ತವೆ. ಇಲ್ಲಿ ಮರವೇ ಕಡಿಮೆ. ರಸ್ತೆಯ ಎರಡೂ ಕಡೆ ಗೋಧಿ ಹೊಲ, ಇಲ್ಲವೇ ಮರಳು ನೆಲದ ಕುರುಚಲು. ಅಲ್ಲಿನ ನೈಋತ್ಯ ಭಾಗದ ಮೂಲನಿವಾಸಿಗಳಾದ ನೂಂಗರ್ ಜನರ ಭಾಷೆಯಲ್ಲಿ ಇಂಥ ನೆಲಕ್ಕೆ 'ಕ್ವಾಂಗನ್' ಎಂಬ ಪದವಿದೆ. ಸಸ್ಯವಿಜ್ಞಾನಿಗಳೂ ಅದನ್ನೇ ಎತ್ತಿಕೊಂಡಿದ್ದಾರೆ.

ಆದರೂ 'ಕಾಡುಹೂ' ಪರ ಒಂದು ಮಾತು ಹೇಳಲೇಬೇಕು. ಕಾಡುಹರಟೆಗೆ ಕಾಡು ಬೇಕಿಲ್ಲ ಅಲ್ವಾ? ಅಲ್ಲಿ 'ಕಾಡು' ಅಂದರೆ ಜಾಗ ಅಲ್ಲ, ಲಂಗುಲಗಾಮಿಲ್ಲದ್ದು ಎಂದರ್ಥ. ಕಾಡುಮಲ್ಲಿಗೆಯೂ ಹಾಗೇ. ಬೇಲಿಯ ಮೇಲೆ ಹಬ್ಬಿದ್ದರೂ ಅದು ಕಾಡುಮಲ್ಲಿಗೆಯೇ. ಹಾಗಾಗಿ ರಸ್ತೆ ಬದಿಯ ಹೂವಿಗೆ 'ಕಾಡುಹೂ' ನಡೆಯುತ್ತದೆ ಅಂತಲೇ ನನಗನ್ನಿಸುತ್ತದೆ.

ತೊಡಕು ಬರುವುದು ಸಸ್ಯೋದ್ಯಾನದಲ್ಲಿ. ಕಿಂಗ್ಸ್ ಪಾರ್ಕ್ ಸುಮಾರು 400 ಹೆಕ್ಟೇರ್ ಇದೆ, ಹೆಚ್ಚಿನ ಭಾಗ ಸಹಜ ಕುರುಚಲು ಕಾಡು. ಅದರೊಳಗಿನ ಸಸ್ಯೋದ್ಯಾನ 1965ರಲ್ಲಿ ತೆರೆದದ್ದು. ಅಲ್ಲಿ ಎವರ್‌ಲಾಸ್ಟಿಂಗ್ ಎಂಬ ಗುಲಾಬಿ, ಬಿಳಿ ಹೂಗಳನ್ನು ಪಾತಿ ಮಾಡಿ ಬಿತ್ತುತ್ತಾರೆ. ಬಗ್ಗಿ ಮುಟ್ಟಿದರೆ ಒಣ ಕಾಗದದ ಹಾಗೆ ಸರಪರ ಅನ್ನುತ್ತದೆ. ಎಸಳಿನಂತೆ ಕಾಣುವುದು ನಿಜಕ್ಕೂ ಎಸಳಲ್ಲ, ಹೂಗೊಂಚಲಿನ ಸುತ್ತ ಇರುವ ಒಣ ಹೊದಿಕೆ. ಅದಕ್ಕೇ ಕಿತ್ತರೂ ಬಣ್ಣ ಬಹಳ ಕಾಲ ಉಳಿಯುತ್ತದೆ. (ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇಂಥ ಹೂಗಳನ್ನು ಪರವಾನಗಿ ಇಲ್ಲದೆ ಕೀಳುವಂತಿಲ್ಲ. ಒಳ್ಳೆಯ ಕಾನೂನು.) ಬಿತ್ತಿ, ನೀರು ಹಾಕಿ ಬೆಳೆದ ಹೂವನ್ನೂ ಅವರು ವೈಲ್ಡ್‌ಫ್ಲವರ್ ಎಂದೇ ಕರೆಯುತ್ತಾರೆ. 'ಆ ನೆಲದ್ದೇ ಆದ ಹೂ' ಎಂಬ ಅರ್ಥ ಅಲ್ಲಿ ಮುಂದೆ ಬರುತ್ತದೆ. ಅದಕ್ಕೆ ನಮ್ಮಲ್ಲಿ 'ನಾಟಿ' ಇದೆ, ಉತ್ತರ ಕರ್ನಾಟಕದಲ್ಲಿ 'ಜವಾರಿ' ಇದೆ. ಆದರೆ 'ನಾಟಿ ಹೂ' ಅಂದರೆ ಕೋಳಿ, ಕೊತ್ತಂಬರಿಯ ಸಾಲಿಗೆ ಸೇರಿಬಿಡುತ್ತದೆ. ಮನೆಯಲ್ಲಿ ಬೆಳೆಸುವುದಕ್ಕೆ ಮಾತ್ರ ಒಪ್ಪುವ ಪದ ಅದು. ಪಾತಿಯ ಹೂವಿಗೂ ನಾನು ಸದ್ಯಕ್ಕೆ 'ಕಾಡುಹೂ' ಅಂತಲೇ ಬರೆದಿದ್ದೇನೆ. ನಿಮಗೆ ಹೇಗನ್ನಿಸುತ್ತದೆ?

ಈ ಹೂಗಳು ಅರಳುವ ಕಾಲಕ್ಕೆ 'ಹೂವಿನ ಸುಗ್ಗಿ' ಅಂದಿದ್ದೇನೆ. ಹಳೆಯ ಕಾವ್ಯದಲ್ಲಿ ಸುಗ್ಗಿ ಅಂದರೆ ವಸಂತವೇ. ಅಲ್ಲಿನ ಸೆಪ್ಟೆಂಬರ್ ವಸಂತವೂ ಹೌದು.

ಒಂದು ಹೂವಿಗೆ ಮಾತ್ರ ಕನ್ನಡ ಹೆಸರು ತಾನಾಗಿ ಬಂತು. ಮುಲ್ಲೆವಾ ಹತ್ತಿರದ ಪಿಂಡಾರ್ ಬಳಿ ಜಲ್ಲಿ ರಸ್ತೆಯ ಅಂಚಿನಲ್ಲಿ, ಯಂತ್ರ ಕೆದಕಿದ ನೆಲದಲ್ಲೇ ಜಾಸ್ತಿ ಬೆಳೆಯುತ್ತದೆ. ನೆಲಕ್ಕೆ ಅಂಟಿಕೊಂಡ ಗಿಡ. ನಡುವೆ ಹಸಿರು, ಅಂಚಿಗೆ ಸುತ್ತಲೂ ಕೆಂಪು, ಕೆನೆಹಳದಿ ಹೂ. ಇಂಗ್ಲಿಷಿನಲ್ಲಿ ರೆತ್ ಫ್ಲವರ್, ಅಂದರೆ ಹೂದಂಡೆಯಂಥ ಹೂ. ಮಲೆನಾಡಿನ ಮರಗಳ ಮೇಲೆ ಬೆಳೆಯುವ ನಮ್ಮ ಆರ್ಕಿಡ್ ಹೂ ಸೀತಾಳೆ ದಂಡೆ ನೆನಪಾಗಿ 'ನೆಲದಂಡೆ' ಎಂದು ಬರೆದೆ. ಬೇರೆ ಗಿಡಕ್ಕೆ ಈ ಹೆಸರು ಎಲ್ಲಾದರೂ ಬಳಕೆಯಲ್ಲಿದ್ದರೆ ತಿಳಿಸಿ, ಬದಲಿಸುತ್ತೇನೆ.

ಕೊನೆಯದಾಗಿ, ಚಿತ್ರದುರ್ಗ, ಹಾಸನದ ಅಮೃತ್ ಮಹಲ್ ಕಾವಲುಗಳ (ದನ ಮೇಯುವ ಹುಲ್ಲುಗಾವಲುಗಳ) ಹತ್ತಿರದವರಲ್ಲಿ ಒಂದು ಕೇಳಿಕೆ. ಮಳೆ ಬಿದ್ದ ಮೇಲೆ ಹುಲ್ಲಿನ ನಡುವೆ ಏಳುವ ಸಣ್ಣ ಹೂಗಳನ್ನು ಒಟ್ಟಾಗಿ ಕರೆಯಲು ನಿಮ್ಮೂರಲ್ಲಿ ಯಾವ ಪದ ಇದೆ? ಕುರಿ ಮೇಯಿಸುವವರ ಬಾಯಲ್ಲಿ, ಅಜ್ಜಿಯರ ಬಾಯಲ್ಲಿ ಕೇಳಿದ್ದು ಏನಿದ್ದರೂ ಬರೆಯಿರಿ. ಊರಿನ ಹೆಸರನ್ನೂ ಜೊತೆಗೆ ಹಾಕಿ.