ಆನ್‌ಲೈನ್‌ನಲ್ಲಿ ಪರಿಚಯವಾದವರು ಕಾಸರಗೋಡಿಗೆ ಬರ್ತಿದ್ದಾರೆ, ಎಲ್ಲಿ ಭೇಟಿಯಾಗುವುದು?

ಬದಿಯಡ್ಕದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನನಗೆ ತಾಳಮದ್ದಳೆಯ ಹುಚ್ಚು. ಹಳೆಯ ಆಡಿಯೋ ಹಂಚಿಕೊಳ್ಳುವ ಒಂದು ಗುಂಪಿನಲ್ಲಿ ಹಾವೇರಿ ಕಡೆಯ ಒಬ್ಬರ ಪರಿಚಯವಾಯಿತು. ಅವರಲ್ಲಿ ದೊಡ್ಡಾಟ, ನಮ್ಮಲ್ಲಿ ಯಕ್ಷಗಾನ. ಕರ್ಣ ನಿಮ್ಮಲ್ಲಿ ಹೇಗೆ ಮಾತಾಡ್ತಾನೆ, ನಮ್ಮಲ್ಲಿ ಹೇಗೆ ಅಂತ ಶುರುವಾದದ್ದು ಈಗ ದಿನಾ ರಾತ್ರಿ ಫೋನಿನವರೆಗೆ ಬಂದಿದೆ. ಇಷ್ಟ ಆಗಿದ್ದಾರೆ, ಮುಚ್ಚಿಡುವುದಿಲ್ಲ. ಮುಂದಿನ ತಿಂಗಳು ಕೆಲಸದ ಮೇಲೆ ಮಂಗಳೂರಿಗೆ ಬರ್ತಾರಂತೆ, ಅಲ್ಲಿಂದ ರೈಲು ಹತ್ತಿ ಕಾಸರಗೋಡಿಗೆ ಬಂದು ನನ್ನನ್ನು ನೋಡಿಕೊಂಡು ಹೋಗ್ತೇನೆ ಅಂದಿದ್ದಾರೆ. ಬೇಕಲ ಕೋಟೆಗೆ ಹೋಗೋಣ ಅಂತ ಅವರ ಆಸೆ, ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ನಾನು ಹೇಳಿದ ಮೇಲೆ ಇನ್ನೂ ಜಾಸ್ತಿ. ನನಗೂ ಅದೇ ಸರಿ ಅನ್ನಿಸಿದೆ, ಅಲ್ಲಿ ನಮ್ಮ ಊರಿನವರು ಸಿಗಲಿಕ್ಕಿಲ್ಲ. ಇಲ್ಲಿ ಪೇಟೆಯಲ್ಲಿ ನಿಂತರೆ ಬಸ್ಸಿನ ಕಂಡಕ್ಟರ್ ಕೂಡ ಅಪ್ಪನ ಪರಿಚಯದವರೇ. ಮನೆಯಲ್ಲಿ ಹೇಳಿಲ್ಲ. ಹೀಗೆ ಭೇಟಿಯಾದವರು ಯಾರಾದರೂ ಇದ್ದರೆ ಎಂತ ನೋಡಿಕೊಳ್ಳಬೇಕು ಹೇಳಿ.

ಉಪ್ಪಳದಕ್ಕ:

ತಂಗೀ, ಮೊದಲ ಭೇಟಿಗೆ ಬೇಕಲ ಬೇಡ. ಯಾರೂ ನೋಡಬಾರದು ಅಂತ ನೀನು ಆ ಜಾಗ ಆರಿಸ್ತಿದ್ದೀಯ. ಅಲ್ಲಿ ಏನಾದರೂ ಹೆಚ್ಚು ಕಮ್ಮಿಯಾದರೆ ಆಗಲೂ ಯಾರೂ ನೋಡುವುದಿಲ್ಲ, ಅಲ್ವಾ? ಕೋಟೆ ಸಣ್ಣದಲ್ಲ. ಬಾಗಿಲಲ್ಲಿ ಟಿಕೆಟ್ ತಗೊಂಡು ಒಳಗೆ ಹೋದರೆ ಮಧ್ಯದಲ್ಲಿ ಬಯಲು, ವೀಕ್ಷಣಾ ಬುರುಜು, ಆ ಕಡೆ ಗೋಡೆಯ ಬದಿಯಿಂದ ಸಮುದ್ರಕ್ಕೆ ಇಳಿಯುವ ದಾರಿ. ವಾರದ ದಿನ ಮಧ್ಯಾಹ್ನ ಹೋದರೆ ಆ ಮೂಲೆಗಳಲ್ಲಿ ಜನವೇ ಇರುವುದಿಲ್ಲ. ಅಲೆಯ ಸದ್ದಿಗೆ ಕೂಗಿದರೂ ಕೇಳಲಿಕ್ಕಿಲ್ಲ. ಹುಡುಗ ಕೆಟ್ಟವನು ಅಂತ ನಾನು ಹೇಳ್ತಾ ಇಲ್ಲ. ಅವನು ಒಳ್ಳೆಯವನೇ ಆದರೆ ಪೇಟೆಯಲ್ಲಿ ಕೂತು ಚಾ ಕುಡಿಯಲಿಕ್ಕೆ ಅವನಿಗೆ ಏನೂ ತೊಂದರೆ ಇಲ್ಲ.

ಸ್ಟೇಷನ್ ಹತ್ತಿರ, ಇಲ್ಲವಾದರೆ ಹೊಸ ಬಸ್ ಸ್ಟ್ಯಾಂಡಿನ ಹತ್ತಿರ ಜನ ತುಂಬಿರುವ ಹೋಟೆಲಿಗೆ ಹೋಗಿ. ಒಂದು ಮಾತು ಮಾತ್ರ ನೆನಪಿಟ್ಟುಕೋ: ಫ್ಯಾಮಿಲಿ ರೂಮಿಗೆ ಹೋಗಬೇಡ. ಸಪ್ಲೈಯರ್ ನಿಮ್ಮನ್ನು ನೋಡಿದ ಕೂಡಲೇ ಒಳಗೆ ಕೂತುಕೊಳ್ಳಿ ಅಂತ ಆ ಪರದೆ ಹಾಕಿದ ಗೂಡಿನ ಕಡೆ ಕೈ ತೋರಿಸ್ತಾನೆ. ನೀನು ಇಲ್ಲೇ ಸಾಕು ಅಂತ ಹೇಳಿ ಹೊರಗಿನ ಹಾಲಿನಲ್ಲೇ ಕ್ಯಾಶ್ ಕೌಂಟರಿನ ಎದುರು ಕೂತುಕೋ.

ಹೋಗುವುದು ನಿನ್ನ ಬಸ್ಸಿನಲ್ಲಿ, ಬರುವುದೂ ನಿನ್ನ ಬಸ್ಸಿನಲ್ಲಿ. ಬೈಕ್ ಬಾಡಿಗೆಗೆ ತಂದಿದ್ದೇನೆ, ಬಿಟ್ಟು ಬರ್ತೇನೆ ಅಂದರೂ ಬೇಡ. ಮನೆ ಎಲ್ಲಿ ಅಂತ ಅವನಿಗೆ ಈಗಲೇ ಗೊತ್ತಾಗಬೇಕಾಗಿಲ್ಲ. ವಾಟ್ಸ್ಯಾಪಿನಲ್ಲಿ ಲೈವ್ ಲೊಕೇಶನ್ ಒಂದು ಸಲಕ್ಕೆ 8 ಗಂಟೆ ಹೊತ್ತು ಹಂಚಬಹುದು, ನಂಬಿಕೆಯ ಗೆಳತಿಗೆ ಅದನ್ನು ಹಾಕಿಟ್ಟು ಹೋಗು. ಕೇರಳದಲ್ಲಿ ಹೆಂಗಸರ ರಕ್ಷಣೆಗೆ ಇರುವ ಪಿಂಕ್ ಪೊಲೀಸಿನ ನಂಬರ್ 1515, ಎಲ್ಲ ಕಡೆ ನಡೆಯುವುದು 112.

ಮತ್ತೆ, ವೀಡಿಯೋ ಕಾಲ್ ಮಾಡಿದ್ದೀರಾ? ನೀನು ಫೋನ್ ಅಂತ ಬರೆದಿದ್ದೀಯ, ಮುಖ ನೋಡಿದ ವಿಷಯ ಹೇಳಲಿಲ್ಲ.

ಬದಿಯಡ್ಕದ ಹುಡುಗಿ:

ವೀಡಿಯೋ ಇಲ್ಲ ಅಕ್ಕ. ಅವರ ಕಡೆ ನೆಟ್‌ವರ್ಕ್ ಸರಿ ಇಲ್ಲವಂತೆ. ಫೋಟೋ ಕಳಿಸಿದ್ದಾರೆ.

ಕುಂಬಳೆಯ ಅಣ್ಣ:

ಹಾಗಾದರೆ ಭೇಟಿಯ ಮಾತು ಆಮೇಲೆ. ದಿನಾ ರಾತ್ರಿ ಮಾತಾಡುವಷ್ಟು ನೆಟ್‌ವರ್ಕ್ ಇದ್ದವರಿಗೆ ಒಂದು ದಿನ ಪೇಟೆಗೆ ಬಂದು ಎರಡು ನಿಮಿಷ ಮುಖ ತೋರಿಸಲಿಕ್ಕೆ ಆಗಬೇಕು. ಆ ಫೋಟೋವನ್ನು ಗೂಗಲ್ ಲೆನ್ಸಿಗೆ ಹಾಕಿ ನೋಡಿ, ಬೇರೆ ಯಾರದ್ದೋ ಆಗಿದ್ದರೆ ಕೆಲವು ಸಲ ಅಲ್ಲೇ ಗೊತ್ತಾಗ್ತದೆ. ಏನೂ ಸಿಗಲಿಲ್ಲ ಅಂದರೆ ನಿಜ ಅಂತಲ್ಲ. ವೀಡಿಯೋನೇ ಮುಖ್ಯ.

ಬರುವ ಮೊದಲು ದುಡ್ಡಿನ ಮಾತು ಎತ್ತಿದರೂ ಎಚ್ಚರ. ಮಂಗಳೂರಿಗೆ ಬಂದೆ, ಪರ್ಸ್ ಹೋಯಿತು, ಸ್ವಲ್ಪ ಜಿಪೇ ಮಾಡು ಅನ್ನುವುದು ಹಳೇ ಆಟ. ಯಾರಾದರೂ ಹಾಗೆ ಕಳಿಸಿ ಮೋಸ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದಷ್ಟು ಆ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ನಾಚಿಕೆಯಿಂದ ಎರಡು ದಿನ ಸುಮ್ನೆ ಕೂತರೆ ಅದು ಎಲ್ಲೆಲ್ಲಿಗೋ ಹೋಗಿರ್ತದೆ. ಫೋಟೋ ಇಟ್ಟುಕೊಂಡು ಹೆದರಿಸುವವರಿದ್ದರೂ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ.

ಅವರು ನಿಜವಾದವರೇ ಆಗಿದ್ದರೆ ಹುಡುಗನ ಕಡೆಯ ಭಯವನ್ನೂ ಯೋಚಿಸಿ. ಮಲಯಾಳ ಬೋರ್ಡು ಓದಲು ಬಾರದೆ, ಗೊತ್ತಿಲ್ಲದ ಊರಿಗೆ ಒಬ್ಬರೇ ಬರ್ತಾರೆ. ಹನಿಟ್ರ್ಯಾಪ್ ಸುದ್ದಿ ಅವರೂ ಓದಿರ್ತಾರೆ. ಜನ ಇರುವ ಹೋಟೆಲು ಅವರಿಗೂ ಒಳ್ಳೆಯದು. ಆಮೇಲೆ ಬೇಕಾದರೆ ಅನಂತಪುರ ಸರೋವರ ದೇವಸ್ಥಾನಕ್ಕೆ ಕರ್ಕೊಂಡು ಬನ್ನಿ. 2022ರಲ್ಲಿ ತೀರಿಹೋದ ಬಬಿಯಾ ಮೊಸಳೆಯ ಕಥೆ ಹೇಳಲಿಕ್ಕೆ ಉಂಟು, ಕೆರೆಯ ಸುತ್ತ ಭಕ್ತರೂ ಇರ್ತಾರೆ.

ಮುಳ್ಳೇರಿಯ ಶೋಭಕ್ಕ:

ಅನಂತಪುರದಲ್ಲಿ ಅವಳ ಅರ್ಧ ನೆಂಟರು ಸಿಗ್ತಾರೆ ಮಾರಾಯ್ರೆ! ನನ್ನ ಮಾತು ಬೇರೆ. ಮಂಗಳೂರಿಗೇ ಹೋಗಬಹುದು ಅಂತ ಯಾರಾದರೂ ಹೇಳ್ತಾರೆ, ಆದರೆ ಜೊತೆಯಲ್ಲಿ ಕೂತ ಹುಡುಗ ಹುಡುಗಿಯನ್ನು ತಡೆದು ಹೆಸರು ಕೇಳುವವರು ನಮ್ಮ ಕರಾವಳಿಯಲ್ಲಿ ಇದ್ದಾರೆ. ಅದು ಯಾವ ಪೇಟೆಯಲ್ಲೂ ಆಗಬಹುದು. ಹಾಗೇನಾದರೂ ಆದರೆ ಅವರ ಜೊತೆ ಹೊರಗೆ ಬರಬೇಡ, ಕೂತಲ್ಲಿಂದ ಏಳಬೇಡ, 112ಕ್ಕೆ ಒತ್ತು. ಹೆಸರು, ಊರು ಕೇಳುವ ಹಕ್ಕು ಅವರಿಗೆ ಯಾರೂ ಕೊಟ್ಟಿಲ್ಲ.

ನಾನೂ ನನ್ನ ಗಂಡನೂ ಆನ್‌ಲೈನಿನಲ್ಲೇ ಪರಿಚಯ ಆದವರು. ಹಾಗಾಗಿ ಇದನ್ನು ಕೆಟ್ಟದು ಅನ್ನುವವರ ಮಾತು ಕೇಳಬೇಡ. ಮೊದಲ ಸಲ ಎದುರು ಕೂತಾಗ ಇಬ್ಬರಿಗೂ ಮಾತೇ ಹೊರಡಲಿಲ್ಲ, ಅವರು ಬನ್ಸಿನ ತುದಿ ಮುರಿಯುತ್ತಾ ಕೂತಿದ್ದರು, ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. ಫೋನಿನಲ್ಲಿ ಅಷ್ಟು ಮಾತಾಡಿದವರಿಗೆ ಇದೇನಾಯಿತು ಅನ್ನಿಸ್ತದೆ. ಅದಕ್ಕೆ ಹೆದರಬೇಡ. ಒಂದು ಚಾ ಕುಡಿಯುವಷ್ಟು ಹೊತ್ತು ಸಾಕು. ಇಡೀ ದಿನದ ಪ್ಲಾನ್ ಹಾಕಿದರೆ ಬೇಡ ಅನ್ನಿಸಿದರೂ ಎದ್ದು ಬರಲಿಕ್ಕೆ ಆಗುವುದಿಲ್ಲ.

ಮನೆಯ ವಿಷಯ. ಅಪ್ಪನಿಗೆ ಈಗಲೇ ಹೇಳು ಅಂತ ನಾನು ಒತ್ತಾಯ ಮಾಡುವುದಿಲ್ಲ. ಆದರೆ ಮನೆಯ ಒಬ್ಬರಿಗಾದರೂ, ಅಕ್ಕನೋ ಚಿಕ್ಕಮ್ಮನೋ, ಗೊತ್ತಿರಲೇಬೇಕು. ಕಂಡಕ್ಟರ್ ನೋಡಿ ಅಪ್ಪನಿಗೆ ಹೇಳಿದರೂ ಹೌದು, ನನಗೆ ಗೊತ್ತಿತ್ತು ಅಂತ ಹೇಳುವ ಒಬ್ಬರು ಮನೆಯೊಳಗೇ ಇದ್ದರೆ ನಿನಗೆ ಧೈರ್ಯ ಬೇರೆಯೇ.

ಬದಿಯಡ್ಕದ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವೀಡಿಯೋ ಕಾಲ್ ಇಲ್ಲದೆ ಭೇಟಿ ಇಲ್ಲ ಅಂತ ನಿನ್ನೆ ಹೇಳಿದೆ. ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ, ನನಗೆ ಜೀವ ಹೋದ ಹಾಗಾಯಿತು. ಇವತ್ತು ಸಂಜೆ ಬಸ್ ಸ್ಟ್ಯಾಂಡಿನಿಂದ ಕಾಲ್ ಮಾಡಿದರು, ಫೋಟೋದವರೇ, ಹಿಂದೆ ಬಸ್ಸಿನ ಹಾರ್ನ್ ಕೇಳ್ತಾ ಇತ್ತು. ಚಿಕ್ಕಮ್ಮನಿಗೆ ಹೇಳಿದ್ದೇನೆ. ಬೈದರು, ಆದರೆ ಜೊತೆಗೆ ಬರ್ತೇನೆ ಅಂದಿದ್ದಾರೆ. ಒಂದೇ ಪ್ರಶ್ನೆ. ಚಿಕ್ಕಮ್ಮ ಬರುವ ವಿಷಯ ಅವರಿಗೆ ಮೊದಲೇ ಹೇಳಬೇಕಾ?

ಉಪ್ಪಳದಕ್ಕ:

ಹೇಳು. ಹೇಗೆ ತಗೊಳ್ತಾನೆ ಅಂತಲೂ ಗೊತ್ತಾಗ್ತದೆ. ಚಿಕ್ಕಮ್ಮ ನಿಮ್ಮ ಟೇಬಲಿನಲ್ಲಿ ಬೇಡ, ಸ್ವಲ್ಪ ಆಚೆ ಕೂರಲಿ. ಮತ್ತೆ ಬದಿಯಡ್ಕದ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿಟ್ಟುಕೋ, ಅದಕ್ಕಿಂತ ಒಂದೆರಡು ಬಸ್ಸು ಮೊದಲೇ ಹತ್ತು.