ತಪ್ಪು, ದೋಷ, ಹೆಚ್ಚುಕಮ್ಮಿ: ಕಿನ್ನೆಬ್ರೂಕ್‌ನ 0.8 ಸೆಕೆಂಡಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ,

ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಹೈಸ್ಕೂಲು ಮಕ್ಕಳಿಗೆಂದು ನಕ್ಷತ್ರ ನೋಡಿ ಲೆಕ್ಕ ಇಡುವುದರ ಬಗ್ಗೆ ಚಿಕ್ಕ ಲೇಖನ ಬರೆಯುತ್ತಿದ್ದೆ. ಮೂರು ಪುಟ ಸಲೀಸಾಗಿ ಹೋಯಿತು. ನಾಲ್ಕನೇ ಪುಟದಲ್ಲಿ, ಅಳತೆಯಲ್ಲಿ ಬರುವ ವ್ಯತ್ಯಾಸಕ್ಕೆ ಹೇಳುವ ಇಂಗ್ಲಿಷಿನ ‘ಎರರ್’ ಬಂತು, ಒಂದು ವಾರದಿಂದ ಅಲ್ಲೇ ನಿಂತಿದ್ದೇನೆ. ಶಬ್ದಕೋಶ ತೆಗೆದರೆ ತಪ್ಪು, ದೋಷ, ಪ್ರಮಾದ ಅಂತಿದೆ. ಮೂರೂ ಬೇಡ ಅನ್ನಿಸುತ್ತಿದೆ. ಯಾಕೆ ಬೇಡ ಅಂತ ಹೇಳಬೇಕಾದರೆ ಒಂದು ಕತೆ ಹೇಳಬೇಕು. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

1795ನೇ ಇಸವಿ, ಇಂಗ್ಲೆಂಡಿನ ಗ್ರೀನಿಚ್. ಅಲ್ಲಿನ ವೀಕ್ಷಣಾಲಯಕ್ಕೆ ನೆವಿಲ್ ಮ್ಯಾಸ್ಕಲೈನ್ ಮುಖ್ಯಸ್ಥ. ಡೇವಿಡ್ ಕಿನ್ನೆಬ್ರೂಕ್ ಅವನ ಸಹಾಯಕ, ವಯಸ್ಸು ಇಪ್ಪತ್ತರ ಆಸುಪಾಸು. ಕೆಲಸ ಏನಪ್ಪಾ ಅಂದರೆ, ಉತ್ತರ ದಕ್ಷಿಣವಾಗಿ ಮಾತ್ರ ಆಡುವ ದೂರದರ್ಶಕದಲ್ಲಿ ಕಣ್ಣಿಟ್ಟು, ನಕ್ಷತ್ರ ಒಳಗಿನ ತೆಳು ತಂತಿಗಳನ್ನು ದಾಟುವ ಹೊತ್ತನ್ನು ಬರೆದಿಡುವುದು. ತಂತಿಗಳು ಐದು. ಮೊದಲು ಗಡಿಯಾರ ನೋಡಿ ಸೆಕೆಂಡು ಗುರುತು ಹಾಕಿಕೊಳ್ಳಬೇಕು. ಆಮೇಲೆ ಕಣ್ಣು ನಕ್ಷತ್ರದ ಮೇಲೆ, ಕಿವಿ ಗಡಿಯಾರದ ಟಕ್ ಟಕ್ ಮೇಲೆ. ತಂತಿಗೆ ಮುಂಚಿನ ಟಕ್‌ಗೆ ನಕ್ಷತ್ರ ಎಲ್ಲಿತ್ತು, ನಂತರದ ಟಕ್‌ಗೆ ಎಲ್ಲಿಗೆ ಹೋಯಿತು, ಆ ನಡುವಿನ ದೂರವನ್ನು ಹತ್ತು ಪಾಲು ಮಾಡಿದರೆ ತಂತಿ ಎಷ್ಟನೇ ಪಾಲಿನಲ್ಲಿದೆ ಅಂತ ಕಣ್ಣಂದಾಜಿನಲ್ಲಿ ಹೇಳಬೇಕು. ನೀವೇ ಮನೆಯಲ್ಲಿ ಗೋಡೆ ಗಡಿಯಾರ ಕೇಳಿಕೊಂಡು, ರಸ್ತೆಯಲ್ಲಿ ಹೋಗುವ ಸೈಕಲ್ಲು ವಿದ್ಯುತ್ ಕಂಬ ದಾಟುವುದನ್ನು ಹೀಗೆ ಅಳೆದು ನೋಡಿ, ಕಷ್ಟ ಗೊತ್ತಾಗುತ್ತದೆ.

ಮೊದಮೊದಲು ಇಬ್ಬರ ಲೆಕ್ಕವೂ ತಾಳೆ ಆಗುತ್ತಿತ್ತು. 1795ರ ಆಗಸ್ಟಿನಿಂದ ಕಿನ್ನೆಬ್ರೂಕ್ ಬರೆದ ಹೊತ್ತು ಮ್ಯಾಸ್ಕಲೈನ್‌ನದಕ್ಕಿಂತ ಅರ್ಧ ಸೆಕೆಂಡು ತಡವಾಗಿ ಬರತೊಡಗಿತು. ಸರಿಮಾಡಿಕೋ ಅಂದರು. ಮರುವರ್ಷ ಜನವರಿ ಹೊತ್ತಿಗೆ ಅದು 0.8 ಸೆಕೆಂಡಿಗೆ ಏರಿತು. ಹುಡುಗನನ್ನು ಕೆಲಸದಿಂದ ತೆಗೆದರು. ಮುಕ್ಕಾಲು ಸೆಕೆಂಡಿಗೆ ನೌಕರಿ ಹೋಯಿತಾ ಅಂತ ನಮಗೆ ಅನ್ನಿಸಬಹುದು. ಆದರೆ ಆಕಾಶ ಸೆಕೆಂಡಿಗೆ 15 ವಿಕಲೆ (ಒಂದು ವಿಕಲೆ ಅಂದರೆ ಡಿಗ್ರಿಯ 3600ನೇ ಒಂದು ಪಾಲು) ಸರಿಯುತ್ತದೆ, 0.8 ಸೆಕೆಂಡು ಅಂದರೆ 12 ವಿಕಲೆ. ಭೂಮಧ್ಯರೇಖೆಯ ನೆಲದ ಮೇಲೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 370 ಮೀಟರ್. ಹಡಗಿನವರಿಗೆ ದಾರಿ ತೋರಿಸುವ ಪಟ್ಟಿಗಳು ಇದೇ ಗ್ರೀನಿಚ್‌ನ ಲೆಕ್ಕದಿಂದಲೇ ತಯಾರಾಗುತ್ತಿದ್ದವು. ಸುಮ್ನೆ ಬಿಡುವ ಹಾಗಿರಲಿಲ್ಲ.

ಇಪ್ಪತ್ತು ಚಿಲ್ಲರೆ ವರ್ಷದ ಮೇಲೆ ಈ ಸಂಗತಿ ಕೋನಿಗ್ಸ್‌ಬರ್ಗ್‌ನಲ್ಲಿದ್ದ ಜರ್ಮನ್ ಖಗೋಳಜ್ಞ ಬೆಸೆಲ್‌ನ ಕಣ್ಣಿಗೆ ಬಿತ್ತು. ಅಷ್ಟು ಎಚ್ಚರಿಕೆ ಕೊಟ್ಟ ಮೇಲೂ ಆ ಹುಡುಗ ತಿದ್ದಿಕೊಳ್ಳಲಿಲ್ಲ ಅಂದರೆ ಇದು ಬರೀ ಅಸಡ್ಡೆ ಇರಲಾರದು ಅಂತ ಅವನ ತಲೆಗೆ ಹೊಳೆದದ್ದು ದೊಡ್ಡದು. ಅವನೇ ಬೇರೆ ನುರಿತ ಖಗೋಳಜ್ಞರ ಜೊತೆ ಕೂತು, ಅವವೇ ನಕ್ಷತ್ರಗಳನ್ನು ಅಳೆದು ನೋಡಿದ. ಅರ್ಗಲಾಂಡರ್ ಜೊತೆ ಹೋಲಿಸಿದಾಗ ಇಬ್ಬರ ನಡುವೆ ಒಂದು ಸೆಕೆಂಡಿಗಿಂತ ಜಾಸ್ತಿ ಅಂತರ ಬಂತು! ಕಿನ್ನೆಬ್ರೂಕ್‌ನದಕ್ಕಿಂತ ಹೆಚ್ಚು. ಇಬ್ಬರೂ ಹೆಸರುವಾಸಿ ನೋಡುಗರು, ಇಬ್ಬರಲ್ಲಿ ಯಾರನ್ನೂ ಯಾರೂ ಕೆಲಸದಿಂದ ತೆಗೆಯಲಿಲ್ಲ. ಕಿನ್ನೆಬ್ರೂಕ್ 1802ರಲ್ಲೇ ತೀರಿಕೊಂಡಿದ್ದ.

ಈಗ ಪದಕ್ಕೆ ಬರುತ್ತೇನೆ. ‘ಕಿನ್ನೆಬ್ರೂಕ್‌ನ ತಪ್ಪು 0.8 ಸೆಕೆಂಡು’ ಅಂತ ನಾನು ಬರೆದರೆ ಮ್ಯಾಸ್ಕಲೈನ್ ಪಕ್ಷ ಸೇರಿದ ಹಾಗಾಯಿತು. ಕನ್ನಡದಲ್ಲಿ ತಪ್ಪು ಅಂದ ಕೂಡಲೇ ‘ಯಾರದ್ದು?’ ಅಂತ ಕೇಳುತ್ತೇವೆ. ತಪ್ಪೊಪ್ಪಿಗೆ ಬೇಕು, ತಪ್ಪುಕಾಣಿಕೆ ಕಟ್ಟಬೇಕು, ಕಡೇಪಕ್ಷ ಕೆನ್ನೆಗಾದರೂ ಬಡಿದುಕೊಳ್ಳಬೇಕು. ಇಂಗ್ಲಿಷಿನವರಿಗೂ ಮಾತಿನಲ್ಲಿ ಎರರ್ ಅಂದರೆ ತಪ್ಪೇ, ಆದರೆ ಲೆಕ್ಕದವರು ಅದನ್ನು ಉಜ್ಜಿ ಉಜ್ಜಿ ದೂರಿನ ವಾಸನೆ ಕಳೆದುಬಿಟ್ಟಿದ್ದಾರೆ. ನಮ್ಮದು ಇನ್ನೂ ಅಷ್ಟು ಸವೆದಿಲ್ಲ.

ದೋಷ ಪಠ್ಯಪುಸ್ತಕಗಳಲ್ಲಿ ಆಗಲೇ ನಡೆಯುತ್ತಿದೆ, ಗೊತ್ತು. ಬೇರೆ ವಿಷಯಕ್ಕಾದರೆ ನಾನೂ ಒಪ್ಪಿಬಿಡುತ್ತಿದ್ದೆ. ಆದರೆ ಇದು ಆಕಾಶದ ಲೇಖನ ಸ್ವಾಮಿ. ಗ್ರಹ ನಕ್ಷತ್ರದ ಪಕ್ಕ ದೋಷ ಅಂತ ಬರೆದರೆ ಓದುವ ಮಗುವಿನ ಮನೆಯಲ್ಲಿ ಅಜ್ಜಿಗೆ ಕುಜದೋಷವೇ ನೆನಪಾಗುವುದು. ‘ದೃಷ್ಟಿದೋಷ’ ಅಂತ ಬರೆದರಂತೂ ಕಥೆ ಮುಗಿಯಿತು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಬೇಕಾಗುತ್ತದೆ. ಸಂಖ್ಯಾಶಾಸ್ತ್ರದ್ದೂ ಇದೇ ಗೋಳು. ಕಾಲೇಜಿನಲ್ಲಿ ಅದೊಂದು ವಿಷಯ, ಟಿವಿಯಲ್ಲಿ ಬೆಳಿಗ್ಗೆ ಬರುವುದು ಹೆಸರಿನ ಅಕ್ಷರ ಕೂಡಿಸಿ ಭವಿಷ್ಯ ಹೇಳುವುದು. ಖಗೋಳ ಮತ್ತು ಸಂಖ್ಯಾಶಾಸ್ತ್ರ ಎರಡನ್ನೂ ಒಂದೇ ವಾಕ್ಯದಲ್ಲಿ ಬರೆದರೆ ಜಾತಕ ತಂದು ಮುಂದಿಟ್ಟಾರು ಅಂತ ಭಯ.

ನನಗೆ ಇಷ್ಟವಾದದ್ದು ಹೆಚ್ಚುಕಮ್ಮಿ. ‘ಉಪ್ಪು ಹೆಚ್ಚುಕಮ್ಮಿ ಆಗಿದ್ರೆ ಹೇಳು’ ಅಂತಾರಲ್ಲ, ಅದರಲ್ಲಿ ದೂರಿಲ್ಲ. ಎರಡು ಕಡೆಗೂ ತೂಗುತ್ತದೆ, ಹೆಚ್ಚೂ ಆಗಬಹುದು ಕಮ್ಮಿಯೂ ಆಗಬಹುದು. ಜರ್ಮನಿಯ ಗಣಿತಜ್ಞ ಗೌಸ್ ಅಳತೆಯ ಎರರ್ ಬಗ್ಗೆ 1809ರಲ್ಲಿ ಹೇಳಿದ್ದಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ಗೊತ್ತಿಲ್ಲ. ಎರಡು ಕಡೆಗೂ ಸಮನಾಗಿ ಚದುರುತ್ತವೆ, ಚಿಕ್ಕವು ಜಾಸ್ತಿ, ದೊಡ್ಡವು ಅಪರೂಪ. ತೊಂದರೆ ಎಂದರೆ ‘ಹೆಚ್ಚುಕಮ್ಮಿ ನೂರು ಜನ’ ಅಂದರೆ ಅಜಮಾಸು ಅಂತಲೂ ಆಗುತ್ತದೆ, ‘ಜೀವಕ್ಕೆ ಹೆಚ್ಚುಕಮ್ಮಿ ಆದರೆ’ ಅಂದರೆ ಎದೆ ಝಲ್ ಅನ್ನುತ್ತದೆ. ಏರುಪೇರು ಇನ್ನೊಂದು. ಅದನ್ನು ಪತ್ರಿಕೆಯವರು ದೊಡ್ಡವರ ಆರೋಗ್ಯಕ್ಕೆ ಮೀಸಲಿಟ್ಟಿದ್ದಾರೆ, ಆದರೂ ಕಸಿದುಕೊಳ್ಳಬಹುದು ಅಂದುಕೊಂಡಿದ್ದೇನೆ.

ಅಸಲಿ ಕಷ್ಟ ಇರುವುದು ಬೇರೆ ಕಡೆ. ಹೆಚ್ಚುಕಮ್ಮಿಯಲ್ಲೂ ಎರಡು ಜಾತಿ ಇವೆ.

2019-20ರ ಚಳಿಗಾಲದಲ್ಲಿ ಆರಿದ್ರಾ ನಕ್ಷತ್ರ ಮಂಕಾಗಿತ್ತು, ನೆನಪಿದೆಯಾ? ಸಾಮಾನ್ಯವಾಗಿ ಅದರ ಪ್ರಕಾಶಮಾನ 0.5ರ ಸುತ್ತ ಇರುತ್ತದೆ, ಫೆಬ್ರವರಿ ಹೊತ್ತಿಗೆ 1.6ರವರೆಗೆ ಇಳಿಯಿತು (ಈ ಲೆಕ್ಕದಲ್ಲಿ ಅಂಕಿ ದೊಡ್ಡದಾದರೆ ಬೆಳಕು ಕಮ್ಮಿ, ಇದನ್ನು ಮಕ್ಕಳಿಗೆ ಹೇಳುವಷ್ಟರಲ್ಲಿ ಸಾಕುಸಾಕಾಗುತ್ತದೆ). ನಾವು ನಾಲ್ಕು ಜನ ತಾರಸಿ ಮೇಲೆ ಸೇರಿ ಪಕ್ಕದ ರೋಹಿಣಿಗೆ ಹೋಲಿಸಿ ಅಂದಾಜು ಮಾಡುತ್ತಿದ್ದೆವು. ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳಬಾರದು, ಚೀಟಿಯಲ್ಲಿ ಬರೆಯಬೇಕು. ನನ್ನ ಚೀಟಿಗಳು ಒಂದು ದಿನ 1.2, ಮರುದಿನ 1.4, ಆಮೇಲೆ ಮತ್ತೆ 1.2, ಕಪ್ಪೆ ತೂಗಿದ ಹಾಗೆ. ಒಬ್ಬ ಗೆಳೆಯನದ್ದು ಮಾತ್ರ ಬಲು ನೇರ. ಆದರೆ ಪ್ರತಿ ಸಲವೂ ನಮ್ಮೆಲ್ಲರ ಸರಾಸರಿಗಿಂತ 0.2 ಜಾಸ್ತಿ ಬೆಳಕು ಕಾಣುತ್ತಿತ್ತು ಅವನಿಗೆ. ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡಿದಷ್ಟೂ ಅದು ಹೆಚ್ಚು ಬೆಳಗಿದ ಹಾಗೆ ಕಾಣುತ್ತದೆ, ಅದಕ್ಕೇ ಚಕ್ಕನೆ ನೋಡಿ ಕಣ್ಣು ತೆಗೆಯಿರಿ ಅನ್ನುತ್ತಾರೆ. ಇವನೋ ಸಾಲ ಕೊಟ್ಟವನ ಹಾಗೆ ದುರುಗುಟ್ಟಿಕೊಂಡು ನಿಲ್ಲುತ್ತಿದ್ದ.

ಯಾರದ್ದು ಕೆಟ್ಟ ವೀಕ್ಷಣೆ? ಅವನದ್ದಕ್ಕೆ 0.2 ಕೂಡಿಸಿದರೆ ಮುಗಿಯಿತು, ಚೊಕ್ಕ ಅಂಕಿ. ನನ್ನದಕ್ಕೆ ಅಂಥ ಮದ್ದಿಲ್ಲ, ಹತ್ತಾರು ಸಲ ನೋಡಿ ಸರಾಸರಿ ತೆಗೆಯಬೇಕು, ನೂರು ಸಲ ನೋಡಿದರೂ ಆ ತೂಗಾಟ ಹತ್ತನೇ ಒಂದು ಪಾಲಿಗಷ್ಟೇ ಇಳಿಯುತ್ತದೆ. ಅವನು ನೂರು ಸಲ ನೋಡಿ ಸರಾಸರಿ ತೆಗೆದರೆ ಆ 0.2 ಕದಲುವುದೇ ಇಲ್ಲ. ಕಿನ್ನೆಬ್ರೂಕ್‌ನದ್ದು ಇವನ ಜಾತಿ. ನನ್ನಂಥವರದ್ದಕ್ಕೆ ಏರುಪೇರು ಸರಿಹೋಗುತ್ತದೆ ಅನ್ನಿಸುತ್ತದೆ. ಅವನದ್ದಕ್ಕೆ?

ಇಂಗ್ಲಿಷಿನಲ್ಲಿ ಇದಕ್ಕೆ ‘ಪರ್ಸನಲ್ ಇಕ್ವೇಶನ್’ ಅಂತ ಹೆಸರು. ಪದಕ್ಕೆ ಪದ ಇಟ್ಟು ‘ವೈಯಕ್ತಿಕ ಸಮೀಕರಣ’ ಅಂತ ಮಾಡಿದರೆ ಅನಾಹುತ. ಒಂದೋ ಮಕ್ಕಳು ಎಕ್ಸ್ ಎಲ್ಲಿ ಅಂತ ಹುಡುಕುತ್ತಾರೆ, ಇಲ್ಲಾ ಚುನಾವಣೆ ಸುದ್ದಿಯ ಜಾತಿ ಸಮೀಕರಣದ ಹಾಗೆ, ಕಿನ್ನೆಬ್ರೂಕ್‌ಗೂ ಯಜಮಾನನಿಗೂ ಹೊಂದಾಣಿಕೆ ಇರಲಿಲ್ಲ ಅಂತ ಅರ್ಥವಾಗುತ್ತದೆ (ಅದೂ ನಿಜವೇ ಅನ್ನಿ). ಹಳೇ ಖಗೋಳದಲ್ಲಿ ಇಕ್ವೇಶನ್ ಅಂದರೆ ಸರಿದೂಗಿಸಲು ಕೂಡಿಸುವ ಅಥವಾ ಕಳೆಯುವ ಮೊತ್ತ. ನಮ್ಮ ಹಳೇ ಖಗೋಳ ಸಿದ್ಧಾಂತದವರು ಇದಕ್ಕೆ ಫಲ ಅಂದರು, ಗ್ರಹದ ಸರಾಸರಿ ಜಾಗಕ್ಕೆ ಕೂಡಿಸಿ ಕಳೆಯುವ ಮಂದಫಲ ಇದ್ದ ಹಾಗೆ. ಸಂಸ್ಕಾರ ಅಂತಲೂ ಅಂದರು. ಪಂಚಾಂಗದಲ್ಲಿ ದೇಶಾಂತರ ಸಂಸ್ಕಾರ ಇವತ್ತಿಗೂ ಇದೆ. ಪದ ಕರಾರುವಾಕ್ಕಾಗಿದೆ, ಆದರೆ ‘ಕಿನ್ನೆಬ್ರೂಕ್‌ನ ಸಂಸ್ಕಾರ’ ಅಂದರೆ ಒಂದೋ ಅವನ ಮನೆಯವರು ಸರಿಯಾಗಿ ಬೆಳೆಸಲಿಲ್ಲ ಅಂತಾಗುತ್ತದೆ, ಇಲ್ಲಾ ಹೆಣ ಸುಟ್ಟ ಹಾಗಾಗುತ್ತದೆ. ಕೊಸರು ಅಂತ ಯೋಚಿಸಿದೆ. ‘ಅವರವರ ಕೊಸರು’, ಕೇಳಲು ಚಂದ. ಆದರೆ ತರಕಾರಿಯವಳು ಕೊಸರು ಹಾಕುತ್ತಾಳೆಯೇ ಹೊರತು ಕಿತ್ತುಕೊಳ್ಳುವುದಿಲ್ಲ, ಇಲ್ಲಿ ಎರಡೂ ಬೇಕು.

ಇದರ ಜೊತೆಗೆ ಚಿಕ್ಕಪುಟ್ಟವೂ ಇವೆ, ಬಲ್ಲವರು ಹೇಳಿ. ಇಂಗ್ಲಿಷಿನಲ್ಲಿ ನಕ್ಷತ್ರ ನೋಡಿ ಬರೆದದ್ದೂ ಅಬ್ಸರ್ವೇಶನ್, ಲೆಕ್ಕದ ಪಟ್ಟಿಯ ಒಂದೊಂದು ಅಂಕಿಯೂ ಅಬ್ಸರ್ವೇಶನ್. ನಮ್ಮಲ್ಲಿ ಮೊದಲನೆಯದು ವೀಕ್ಷಣೆ, ಎರಡನೆಯದು ಗಣಿತದ ಪುಸ್ತಕದಲ್ಲಿ ಪ್ರಾಪ್ತಾಂಕ, ಕೇಳಿದರೆ ಪರೀಕ್ಷೆಯ ಮಾರ್ಕ್ಸ್ ನೆನಪಾಗುತ್ತದೆ. ನೋಟವೇ ಅಂಕಿಯಾಯಿತು ಅನ್ನುವ ನಂಟು ಕಡಿದುಹೋಯಿತು. ಕೇರಳದ ಖಗೋಳಜ್ಞ ಪರಮೇಶ್ವರ 1431ರಲ್ಲಿ ತನ್ನ ಪದ್ಧತಿಗೆ ದೃಗ್ಗಣಿತ ಅಂತ ಹೆಸರಿಟ್ಟ, ಕಣ್ಣು ಮತ್ತು ಲೆಕ್ಕ ಒಂದೇ ಪದದಲ್ಲಿ. ಅಷ್ಟು ಬಿಗಿಯಾದದ್ದು ನಮಗೆ ಯಾಕೆ ಸಿಗುತ್ತಿಲ್ಲ? ಬರೀ ‘ನೋಟ’ ಅಂತ ಬಳಸಿ, ‘ಮೂವತ್ತು ನೋಟಗಳ ಸರಾಸರಿ’ ಅಂದರೆ ನಡೆಯುತ್ತದಾ?

ಇನ್ನೊಂದು, ಫ್ರಾನ್ಸಿನ ಗಣಿತಜ್ಞ ಲೆಜಾಂಡ್ರ್ 1805ರಲ್ಲಿ ಅಚ್ಚು ಹಾಕಿಸಿದ, ಹೆಚ್ಚುಕಮ್ಮಿಗಳ ವರ್ಗಗಳ ಮೊತ್ತ ಆದಷ್ಟು ಚಿಕ್ಕದಾಗುವ ಉತ್ತರ ಹುಡುಕುವ ವಿಧಾನಕ್ಕೆ ‘ಕನಿಷ್ಠ ವರ್ಗಗಳ ವಿಧಾನ’ ಅಂತ ಬರೆದು ಮನೆಯಲ್ಲಿ ಓದಿ ಹೇಳಿದೆ. ನಮ್ಮ ಅತ್ತೆ, ‘ಅದಕ್ಕೆ ಸರ್ಟಿಫಿಕೇಟು ತಾಲ್ಲೂಕು ಆಫೀಸಿನಲ್ಲಿ ಕೊಡ್ತಾರಾ?’ ಅಂದರು.

ಕಡೆಯದಾಗಿ, ನನಗೆ ನಿಜವಾಗಿ ಬೇಕಾದದ್ದು ಇದು. ಹಿಂದೆ ಅಂಗಡಿಯಲ್ಲಿ ಎಣ್ಣೆಗೋ ತುಪ್ಪಕ್ಕೋ ಮನೆಯಿಂದ ಡಬ್ಬಿ ಒಯ್ದರೆ, ಮೊದಲು ಖಾಲಿ ಡಬ್ಬಿಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಅದು ಸರಿದೂಗುವಷ್ಟು ಕಲ್ಲೋ ಬೆಣಚೋ ಇನ್ನೊಂದು ತಟ್ಟೆಗೆ ಹಾಕಿ, ಆಮೇಲೆ ಎಣ್ಣೆ ತೂಗುತ್ತಿದ್ದರು. ಡಬ್ಬಿ ಭಾರ ಇದೆ ಅಂತ ಯಾರೂ ಡಬ್ಬಿಯನ್ನು ಬೈಯುತ್ತಿರಲಿಲ್ಲ. ಹಾಗೆ ಮೊದಲೇ ಹಾಕಿಡುವ ಆ ಕಲ್ಲಿಗೆ, ಅಥವಾ ಆ ಕೆಲಸಕ್ಕೆ, ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ಧಾರವಾಡ, ಕಲಬುರಗಿ, ಕುಂದಾಪುರ, ಕೊಳ್ಳೇಗಾಲ, ಯಾವ ಕಡೆಯದಾದರೂ ಸರಿ. ಮನೆಯಲ್ಲಿ ಅಂಗಡಿ ನಡೆಸಿದ ಹಿರಿಯರಿದ್ದರೆ ಒಂದು ಮಾತು ಕೇಳಿ ಬರೆಯಿರಿ. ಕಿನ್ನೆಬ್ರೂಕ್‌ನ 0.8ಕ್ಕೆ ಅದನ್ನೇ ಇಡೋಣ ಅಂತಿದ್ದೇನೆ.